ಶಮಿಯೆಂದು ನಾನು ಕರೆದ ಜಾಲಿ

ನಮ್ಮ ಊರ ಗುಡ್ಡದ ಶಿವಾಲಯದ ಸುತ್ತ ಬಳ್ಳಾರಿ ಜಾಲಿಯನ್ನು ಬಿತ್ತಿದವನು ನಾನು. ಅದು ದೇವರ ಗಿಡವೆಂದು ಊರನ್ನು ನಂಬಿಸಿದವನೂ ನಾನೇ. ಆ ಗಿಡದ ನಾಲ್ಕು ಕೊಂಬೆ ಕಡಿದಳೆಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳು ತನ್ನ ಗಂಡನ ಸಾವಿನ ಅಪವಾದವನ್ನು ಇಪ್ಪತ್ತೆರಡು ವರ್ಷ ಹೊತ್ತುಕೊಂಡು ನಡೆದಳು. ಅದನ್ನು ಇಳಿಸಬಲ್ಲ ಮಾತು ನನ್ನ ಬಾಯಲ್ಲಿತ್ತು. ನಾನು ಆಡಲಿಲ್ಲ. ಈ ಬರಹದಲ್ಲಿ ಬೇರೆ ವಿಷಯಗಳೂ ಬರುತ್ತವೆ, ಹುಲ್ಲು, ಚಿಗರಿ, ಹಕ್ಕಿಗಳ ಲೆಕ್ಕ ಇತ್ಯಾದಿ. ಆದರೆ ನಾನು ಹೇಳಲು ಕುಳಿತಿರುವುದು ಇದನ್ನೇ.

ಶಹಾಪುರದಿಂದ ಶಿರವಾಳದ ಕಡೆಗೆ ಹೋಗುವ ದಾರಿಯಲ್ಲಿ, ಭೀಮೆಗೆ ಒಂದೆರಡು ಹರದಾರಿ ಈಚೆಗೆ ನಮ್ಮ ಊರು. ಗುಡ್ಡದ ಪೂಜೆ ನಮ್ಮ ಮನೆತನಕ್ಕೆ ತಲೆತಲಾಂತರದಿಂದ ಬಂದದ್ದು. ನಾನು ಶಹಾಪುರದ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಂಸ್ಕೃತ ಕಲಿಸುತ್ತ, ಬೆಳಿಗ್ಗೆ ಪೂಜೆ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ಆ ದಿನಗಳಲ್ಲಿ ಗುಡ್ಡದ ಮೇಲೆ ಮರಗಳು ಬಹಳ ಇರಲಿಲ್ಲ. ಬಂಡೆಗಲ್ಲು, ನಡುನಡುವೆ ಬಾರಿಯ ಪೊದೆ, ತಂಗಡಿ, ಮುದಿಯಾದ ಎರಡು ಬನ್ನಿ ಮರ, ಉಳಿದದ್ದೆಲ್ಲ ಹುಲ್ಲು. ಶ್ರಾವಣದಲ್ಲಿ ಮೊಣಕಾಲಿನವರೆಗೆ ಹಸಿರಾಗಿ, ದೀಪಾವಳಿಯ ಹೊತ್ತಿಗೆ ಬಣ್ಣ ತಿರುಗಿ, ಗಾಳಿಗೆ ಒಂದೇ ದಿಕ್ಕಿಗೆ ಬಾಗುತ್ತಿತ್ತು. ಅಭಿಷೇಕದ ನೀರು ತರುವಾಗ ಚಿಗರಿಯ ಹಿಂಡು ತಲೆಯೆತ್ತಿ ನೋಡಿ, ಮತ್ತೆ ಮೇಯತೊಡಗುತ್ತಿತ್ತು. ಕೃಷ್ಣಮೃಗ ನಿರ್ಭಯವಾಗಿ ಸಂಚರಿಸುವ ನೆಲವನ್ನು ನಮ್ಮ ಪೂರ್ವಿಕರು ಯಜ್ಞಕ್ಕೆ ಯೋಗ್ಯವೆಂದು ಎಣಿಸಿದ್ದರೆಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದವನು ನಾನು. ಆದರೂ ಗುಡ್ಡಕ್ಕೆ ಬಂದ ನೆಂಟರು ‘ಬೋಳು ಗುಡ್ಡ’ ಎಂದರೆ ನನಗೆ ನಾಚಿಕೆಯಾಗುತ್ತಿತ್ತು. ದೇವರ ಸುತ್ತ ಒಂದು ವನವಿಲ್ಲವಲ್ಲ ಎಂಬ ಕೊರಗು ಹಿಡಿಯಿತು.

ಆ ಕೊರಗನ್ನು ನಾನು ಶಹಾಪುರದ ಸಸಿತೋಟದಲ್ಲಿ ಕೆಲಸಕ್ಕಿದ್ದ ಒಬ್ಬನ ಮುಂದೆ ತೋಡಿಕೊಂಡೆ. ಆತ ಒಳಗೆ ಹೋಗಿ ಒಂದು ಬೀಜದ ಚೀಲ ತಂದಿಟ್ಟ.

“ಮಾಸ್ತರ್ರ, ಇದನ್ನ ಒಯ್ರಿ. ನೀರ ಕೇಳಲ್ಲ, ದನಾ ಎಲಿ ಮುಟ್ಟಲ್ಲ, ಕಲ್ಲಾಗ ಬೇಕಾದ್ರ ಬರ್ತದ.”

“ಯಾವ ಗಿಡಪ್ಪಾ?”

“ಸರ್ಕಾರಿ ಗಿಡಾರಿ. ನಿಮ್ಮ ಬನ್ನಿ ಜಾತಿದ್ದೇ ಅದ ಅಂತ ಸಾಹೇಬ್ರು ಅಂತಿದ್ರು.”

ಆತನ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಬನ್ನಿ ಎಂಬುದು ಮಾತ್ರ. ಬನ್ನಿಯೆಂದರೆ ಶಮಿ, ಒಡಲಲ್ಲಿ ಅಗ್ನಿಯನ್ನು ಧರಿಸಿದ ವೃಕ್ಷ. ಮಹಾನವಮಿಗೆ ನಾವು ಬಂಗಾರವೆಂದು ಹಂಚಿಕೊಳ್ಳುವ ಎಲೆ. ಶಿವನಿಗೆ ಶಮೀವನ! ಶ್ರಾವಣ ಸೋಮವಾರ ಸಂಕಲ್ಪ ಮಾಡಿ, ಗಂಜಲದಲ್ಲಿ ನೆನೆಸಿದ ಬೀಜವನ್ನು ಮಂತ್ರ ಹೇಳುತ್ತ ಭಕ್ತರ ಕೈಯಿಂದ ಗುಡ್ಡದ ಪೂರ್ವದ ಇಳಿಜಾರಿನುದ್ದಕ್ಕೂ ಊರಿಸಿದೆ. ಆಗ ಇಡೀ ಸೀಮೆಯಲ್ಲಿ ಆ ಗಿಡ ಹೊಸದು. ನಾನು ಏನೆಂದು ಕರೆದೆನೋ ಅದೇ ಅದರ ಹೆಸರಾಯಿತು.

ಮೂರನೆಯ ವರ್ಷ ನನಗೆ ತಿಳಿಯಿತು. ಮುದಿ ಬನ್ನಿಯ ಒಂದು ಕೊಂಬೆಯನ್ನೂ ಹೊಸ ಗಿಡದ ಒಂದು ಕೊಂಬೆಯನ್ನೂ ತಂದು ಗರ್ಭಗುಡಿಯ ಹೊಸ್ತಿಲ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಬನ್ನಿಯ ಮುಳ್ಳು ಗಿಡ್ಡ, ಕೊಂಬೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಚದುರಿದ್ದು. ಇದರದ್ದು ಎಲೆಯ ಬುಡದಲ್ಲಿ ಜೋಡಿಜೋಡಿಯಾಗಿ ಹೊರಟ ಉದ್ದನೆಯ ಮುಳ್ಳು. ದೂರದ ನೆಂಟಸ್ತಿಕೆ ಇದ್ದೀತು, ಆದರೆ ಇದು ಶಮಿಯಲ್ಲ. ಅಷ್ಟರಲ್ಲಿ ನಾನು ಅದಕ್ಕೆ ಮೂರು ಮಹಾನವಮಿ ಪೂಜೆ ಮಾಡಿಸಿದ್ದೆ. ಶಾಸ್ತ್ರ ಬಲ್ಲವನೆಂದು ಊರು ನನಗೆ ಕೈಮುಗಿಯುತ್ತಿತ್ತು. ಎರಡು ಕೊಂಬೆಗಳನ್ನೂ ಬಂಡೆಯ ಹಿಂದೆ ಎಸೆದು ಸುಮ್ಮನಾದೆ.

ಸುಮ್ಮನಿದ್ದದ್ದಷ್ಟೇ ಆಗಿದ್ದರೆ ಪಾಪ ಕಡಿಮೆಯಾಗುತ್ತಿತ್ತೇನೋ. ಕೆಲವರು ಒಲೆಗೆಂದು ಕೊಂಬೆ ಕಡಿಯತೊಡಗಿದಾಗ, ಒಂದು ನವಮಿಯ ಸಂಜೆ ಗುಡಿಯ ಕಟ್ಟೆಯ ಮೇಲೆ ನಿಂತು ಹೇಳಿದೆ: ಈ ವನಕ್ಕೆ ಕೊಡಲಿ ಹಚ್ಚಿದವರ ಮನೆಯಲ್ಲಿ ದೀಪ ನಿಲ್ಲುವುದಿಲ್ಲ. ಅಂಥ ಶಾಪ ಯಾವ ಶಾಸ್ತ್ರದಲ್ಲಿಯೂ ಇಲ್ಲ. ನಾನು ಕಟ್ಟಿದ ಮಾತು ಅದು, ಆ ಸಂಜೆ ಅಲ್ಲಿಯೇ ಕಟ್ಟಿದ್ದು.

ಬರುಬರುತ್ತ ಅದೇ ಗಿಡ ಕಾಲುವೆಯ ದಂಡೆಗೆ, ಹಳ್ಳಕ್ಕೆ, ಬೀಳು ಹೊಲಗಳಿಗೆ ಹಬ್ಬಿತು. ಕೆಳಗೆಲ್ಲ ಜನ ಅದನ್ನು ಜಾಲಿ ಎಂದೇ ಕರೆದರು, ಕಡಿದು ಒಲೆಗೆ ಹಾಕಿದರು, ಇದ್ದಲಿ ಸುಟ್ಟರು. ಗುಡಿಗೆ ಹತ್ತುವ ಕಲ್ಲಿನ ಪಾವಟಿಗೆ ದಾಟಿದ ಮೇಲೆ ಮಾತ್ರ ಅದು ಶಮಿಯಾಗಿ ಉಳಿಯಿತು.

ಆ ಹೆಣ್ಣುಮಗಳ ಗಂಡ ಭೀಮೆಯಲ್ಲಿ ಬಲೆ ಬೀಸಿ ಬದುಕುತ್ತಿದ್ದವನು. ಒಂದು ಆಷಾಢದಲ್ಲಿ ಬಿಡದೆ ಜಿನುಗಿ, ಕಟ್ಟಿಗೆಯೆಲ್ಲ ತೊಯ್ದು, ಐದಾರು ವರ್ಷದ ಮಗಳಿಗೆ ಗಂಜಿ ಬೇಯಿಸಲು ಒಣ ಕಡ್ಡಿ ಸಿಗದೆ, ಆಕೆ ಪಾವಟಿಗೆ ದಾಟಿ ಬಂಡೆಯ ಮರೆಯಲ್ಲಿದ್ದ ನಾಲ್ಕು ಒಣಕೊಂಬೆ ಕಡಿದು ಒಯ್ದಳು. ಕಂಡವರು ಕಂಡರು. ಹದಿನೈದು ದಿನಕ್ಕೆ ಭೀಮೆಗೆ ಪ್ರವಾಹ ಬಂತು. ಬಲೆ ಬಿಚ್ಚಿ ತರಲು ಇಳಿದ ಗಂಡ ಮರಳಿ ಬರಲಿಲ್ಲ. ಮೂರನೆಯ ದಿನ ಹೆಣ ಕೆಳಗಿನ ಊರಿನ ದಂಡೆಗೆ ಹತ್ತಿತ್ತು.

ಊರ ಹಿರಿಯರು ನನ್ನ ಬಳಿಗೆ ಬಂದು ಕೇಳಿದರು. “ಅಜ್ಜಾರ, ಗಿಡಕ್ಕ ಕುಡಗೋಲ ಹಚ್ಚಿದ್ದಕ್ಕ ಹಿಂಗಾತೇನ್ರಿ?”

ನಾನು ಕಣ್ಣು ಮುಚ್ಚಿ, “ಶಿವನಿಚ್ಛೆ” ಎಂದೆ. ಅವರು ಅದನ್ನು ಹೌದೆಂದು ತಿಳಿದರು. ಹಾಗೆ ತಿಳಿಯುತ್ತಾರೆಂದು ನನಗೆ ಗೊತ್ತಿತ್ತು. ಅಂದಿನಿಂದ ಆಕೆಯನ್ನು ಯಾವ ಮಂಗಳ ಕಾರ್ಯಕ್ಕೂ ಯಾರೂ ಕರೆಯಲಿಲ್ಲ. ಆಕೆಯೂ ಗುಡಿಯ ಪಾವಟಿಗೆ ಹತ್ತಲಿಲ್ಲ. ಪ್ರತಿ ಸೋಮವಾರ ಕೆಳಗಿನ ಕಲ್ಲಿನ ಬಳಿ ಒಂದು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದಳು. ಯಾರಾದರೂ ಮೇಲೆ ತಂದುಕೊಟ್ಟರೆ ನಾನು ಅದನ್ನು ಒಡೆದು ನೈವೇದ್ಯ ಮಾಡುತ್ತಿದ್ದೆ. ಒಂದು ಹೋಳು ಕೆಳಗೆ ಕಳಿಸುತ್ತಿದ್ದೆ. ಇಷ್ಟರಿಂದ ನನ್ನ ಧರ್ಮ ಸಂದಿತೆಂದು ಬಗೆದೆ.

ಎರಡು ವರ್ಷದ ಹಿಂದೆ ರಾಯಚೂರು ಕಡೆಯ ಒಬ್ಬ ಸಂಶೋಧಕಿ ನಮ್ಮ ಊರಿಗೆ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಶಹಾಪುರ, ಸುರಪುರ, ಯಾದಗಿರಿಯ ಗುಡ್ಡಗಳಲ್ಲಿ ಹುಲ್ಲುಗಾವಲು ಎಷ್ಟು ಉಳಿದಿದೆ, ಅದರಲ್ಲಿ ಏನೇನು ಬದುಕಿದೆ ಎಂಬುದನ್ನು ಅಳೆಯುವುದು ಆಕೆಯ ಕೆಲಸ. ಊರವರು ಆಕೆಗೆ ಹುಲ್ಲಿನ ಮೇಡಂ ಎಂದು ಹೆಸರಿಟ್ಟರು. ಗೂಟ ನೆಟ್ಟು ದಾರ ಕಟ್ಟಿ ನೆಲದ ಮೇಲೆ ಒಂದು ಚೌಕ ಮಾಡಿ, ಅದರೊಳಗೆ ಮಂಡಿಯೂರಿ, ಪ್ರತಿಯೊಂದು ಹುಲ್ಲಿನ ಬುಡವನ್ನೂ ಎಣಿಸಿ ಬರೆದುಕೊಳ್ಳುತ್ತಿದ್ದರು. ತೋಳದ ಲದ್ದಿಯನ್ನು ಕಾಗದದಲ್ಲಿ ಮಡಚಿ ದಿನಾಂಕ ಬರೆಯುತ್ತಿದ್ದರು. ಬಿಲ್ವಪತ್ರೆಯನ್ನು ಎಣಿಸಿ ಏರಿಸುವ ನನಗೆ ಆ ಶ್ರದ್ಧೆಯ ಗುರುತು ಸಿಕ್ಕಿತು. ಗುಡಿಯ ಪಡಸಾಲೆಯಲ್ಲಿ ಬುತ್ತಿ ಬಿಚ್ಚಲು ನಾನೇ ಹೇಳಿದೆ.

ಮೊದಲ ವಾರದಲ್ಲಿಯೇ ಆಕೆ ಕೇಳಿದ್ದರು. “ಸರ್, ಈ ವನಕ್ಕೆ ಯಾರೂ ಕೊಡಲಿ ಹಚ್ಚಂಗಿಲ್ಲ ಅಂತಾರಲ್ರಿ. ಈ ಪದ್ಧತಿ ಎಷ್ಟು ವರ್ಷದ್ದಿರಬಹುದು?”

“ಬಹಳ ಹಿಂದಿನದು ತಾಯೀ, ಅನಾದಿ” ಎಂದೆ.

ಆಕೆ ಅದನ್ನು ಬರೆದುಕೊಂಡರು. ಎಪ್ಪತ್ತೆಂಟು ವರ್ಷದ ಬಾಯಿ, ಹಣೆಯಲ್ಲಿ ವಿಭೂತಿ, ಎದುರಿಗೆ ಲಿಂಗ. ಯಾರು ತಾನೇ ಅನುಮಾನಿಸಿಯಾರು!

ಎರಡು ಮಳೆಗಾಲದ ಲೆಕ್ಕ ಮುಗಿದ ಮೇಲೆ ಆಕೆ ನನ್ನನ್ನು ಗುಡ್ಡದ ಪಶ್ಚಿಮದ ಇಳಿಜಾರಿಗೆ ಕರೆದೊಯ್ದು ತೋರಿಸಿದರು. ಹುಲ್ಲು ಉಳಿದದ್ದು ಅಲ್ಲಿ ಮಾತ್ರ. ಚಿಗರಿಗಳು ಅಲ್ಲಿಗೆ ಸರಿದು ನಿಂತಿದ್ದವು. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ, ಗೌಜಲಕ್ಕಿ, ನೆಲಗುಬ್ಬಿಗಳೂ ಅಲ್ಲಿಯೇ. ಪೂರ್ವದ ಜಾಲಿಯ ಕೆಳಗೆ ಆಕೆ ಕಟ್ಟಿದ ಚೌಕಗಳಲ್ಲಿ ಒಣಗಿದ ಕಾಯಿ ಮತ್ತು ಮಣ್ಣನ್ನು ಬಿಟ್ಟರೆ ಬರೆಯಲು ಹೆಚ್ಚೇನೂ ಸಿಗಲಿಲ್ಲವಂತೆ.

“ಕುರಿಗಳು ಈ ಕಾಯಿ ತಿಂತಾವ ಸರ್, ಹಿಕ್ಕಿಯೊಳಗೆ ಬೀಜ ಹಂಗೇ ಬೀಳ್ತದ. ಪ್ರತಿ ವರ್ಷ ಜಾಲಿ ಹತ್ತಿಪ್ಪತ್ತು ಹೆಜ್ಜಿ ಈ ಕಡೆ ಬರ್ತದ. ಈ ಬೇಸಿಗಿಯೊಳಗೆ, ಕಾಯಿ ಉದುರೋದಕ್ಕಿಂತ ಮೊದಲು ಅಂಚಿನ ಗಿಡ ತೆಗೆದ್ರ ಹುಲ್ಲು ಉಳೀತದ.”

ಅರಣ್ಯ ಕಚೇರಿಯ ಒಪ್ಪಿಗೆ ಸಿಕ್ಕಿತ್ತು. ಜಾಗ ಗುಡಿಯದು, ಗುಡಿಯ ಪಂಚರು ನನ್ನ ಮಾತು ಮೀರುವುದಿಲ್ಲ. ನಾನು “ನೋಡೋಣ” ಎಂದೆ. ಆ ಒಂದು ಪದದಲ್ಲಿ ಮೂರು ವಾರ ಕಳೆದೆ.

ನಾನು ಬೇಡವೆನ್ನದ್ದನ್ನೇ ಒಪ್ಪಿಗೆಯೆಂದು ತಿಳಿದು ಆಕೆ ಕೂಲಿಗೆ ಜನ ಹುಡುಕಿದರು. ಒಬ್ಬರೂ ಬರಲಿಲ್ಲ. ಯಂತ್ರ ಹಚ್ಚಿದರೆ ನೆಲ ಮಗುಚಿ ಹಳೆಯ ಬೀಜವೆಲ್ಲ ಮೇಲೆ ಬರುತ್ತದೆ ಎಂದು ಆಕೆಗೆ ಅದಕ್ಕೆ ಮನಸ್ಸಿರಲಿಲ್ಲ. ಆದರೂ ಬೇರೆ ದಾರಿ ಕಾಣದೆ, ಬುಡ ಕೀಳುವುದಕ್ಕಷ್ಟೇ ಎಂದು ಸುರಪುರದಿಂದ ಒಂದು ಜೆಸಿಬಿ ಕರೆಸಿದರು. ಅದರ ಚಾಲಕ ಊರ ಚಹಾದಂಗಡಿಯಲ್ಲಿ ಕುಳಿತು ಕಥೆ ಕೇಳಿ, ಅರ್ಧ ಕಪ್ ಚಹಾ ಅಲ್ಲಿಯೇ ಬಿಟ್ಟು, ಯಂತ್ರ ತಿರುಗಿಸಿಕೊಂಡು ಹೋದ. ಆಕೆ ಅಂಗಡಿಯವನನ್ನೇ ಕೇಳಿದರಂತೆ.

“ಅಲ್ಲಣ್ಣಾ, ನಿಮ್ಮ ಒಲಿಯಾಗ ಉರಿಯೋದೂ ಅದೇ ಜಾಲಿ ಅಲ್ಲೇನು?”

“ಹೌದ್ರಿ. ಪಾವಟಿಗಿ ತನಕ ಅದು ಕಟಗಿ, ಪಾವಟಿಗಿ ದಾಟಿದ್ರ ದೇವ್ರು.”

“ಗಿಡಕ್ಕ ಇದು ಗೊತ್ತದೇನು?”

“ಗಿಡಕ್ಕ ಯಾಕ ಗೊತ್ತಿರಬೇಕ್ರಿ? ನಮಗ ಗೊತ್ತದಲ್ಲ, ಸಾಕು. ಸಕ್ರಿ ಜರಾ ಜಾಸ್ತಿ ಹಾಕ್ಲೇನ್ರಿ?”

ಇದನ್ನು ಆಕೆ ನಗುತ್ತಲೇ ನನಗೆ ಹೇಳಿದರು. ನಾನೂ ನಕ್ಕೆ. ನಂತರ ಆಕೆ ಪುಸ್ತಕ ತೆರೆದು, ದನಿ ತಗ್ಗಿಸಿ ಹೇಳಿದ ಮಾತು ಇದು:

“ಸರ್, ನಾನು ಈ ಗುಡ್ಡ ಬಿಟ್ಟುಬಿಡ್ತೀನಿ. ನಿಮ್ಮ ನಂಬಿಕಿಗೆ ಧಕ್ಕಿ ತಂದು ಹುಲ್ಲು ಬೆಳೆಸೋದು ಸರಿಯಲ್ಲ. ಮೊನ್ನೆ ಮೀನುಗಾರರ ಓಣಿಯೊಳಗೆ ಒಬ್ಬ ತಾಯಿ ಜೊತೆ ಮಾತಾಡಿದೆ. ‘ನಾಕು ಕೊಂಬಿ ಕಡದು ಗಂಡನ್ನ ಕೊಂದಾಕಿ ನಾನು’ ಅಂದ್ರು. ಅಷ್ಟು ಆಳವಾಗಿ ನಂಬ್ಯಾರ. ನಂಬಿಕಿಯಿಂದ ಗಿಡ ಉಳೀತಾವ ಅನ್ನೋದಕ್ಕೆ ಇದನ್ನ ಉದಾಹರಣಿ ಅಂತ ಬರೀಬಹುದೇನು? ಅವರ ಹೆಸರು ಹಾಕೋದಿಲ್ಲ.”

ನನ್ನ ಸುಳ್ಳಿಗೆ ಆ ಹುಡುಗಿ ಕೈಮುಗಿದು ಹಿಂದೆ ಸರಿಯುತ್ತಿದ್ದಳು. ಎಷ್ಟೋ ವರ್ಷ ಊರು ಆ ಹೆಣ್ಣನ್ನು ಹಾಗೆ ಅಂದದ್ದನ್ನು ಕೇಳಿದ್ದೇನೆ. ಅವಳು ತನ್ನನ್ನು ತಾನೇ ಹಾಗೆ ಅಂದುಕೊಂಡಿದ್ದಾಳೆಂದು ನನಗೆ ಹೊಳೆದಿರಲಿಲ್ಲ. ಹೊಳೆಯಲು ಬಿಟ್ಟಿರಲಿಲ್ಲ. “ಬರೆಯಬೇಡ ತಾಯೀ. ಸೋಮವಾರದವರೆಗೆ ತಡೆ” ಎಂದೆ.

ಸೋಮವಾರ ಮಂಗಳಾರತಿಯ ನಂತರ ಪಂಚರನ್ನೂ ಸೇರಿದ ಭಕ್ತರನ್ನೂ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದೆ. ಬೀಜದ ಚೀಲ, ಮೂರನೆಯ ವರ್ಷ ತಿಳಿದದ್ದು, ಶಾಪ ಕಟ್ಟಿದ್ದು, ಪ್ರವಾಹದ ವರ್ಷ ಕಣ್ಣು ಮುಚ್ಚಿ ಆಡಿದ ಮಾತು. ಎರಡೂ ಗಿಡಗಳ ಕೊಂಬೆಗಳನ್ನು ಮತ್ತೆ ಮುರಿದು ತಂದು ತಟ್ಟೆಯಲ್ಲಿಟ್ಟಿದ್ದೆ. ಮುಳ್ಳು ತೋರಿಸಿದೆ. ಯಾರೂ ತಟ್ಟೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

“ಅಜ್ಜಾರು ನಮ್ಮನ್ನ ಪರೀಕ್ಷಾ ಮಾಡಾಕತ್ತಾರ” ಎಂದ ಒಬ್ಬ.

“ಇಲ್ಲಪ್ಪಾ, ಪರೀಕ್ಷೆಯಲ್ಲ. ನಿಜ.”

“ಹಂಗಂದ್ರ ಪರೀಕ್ಷಾನೇ.”

“ವಯಸ್ಸಾತಲ್ಲೋ, ಬಿಸಲಾಗ ಉಪಾಸ ಬ್ಯಾರೆ ಮಾಡ್ಯಾರ” ಎಂದಳು ಹಿಂದಿನಿಂದ ಒಬ್ಬ ಮುದುಕಿ. “ಜರಾ ಮಜ್ಜಿಗಿ ಕೊಡ್ರಿ ಅವ್ರಿಗಿ.”

ಮಜ್ಜಿಗೆ ಬಂತು. ಸುಳ್ಳು ಹೇಳಿದ ದಿನ ಮರುಪ್ರಶ್ನೆಯಿಲ್ಲದೆ ನಂಬಿದ ಜನ ನಿಜ ಹೇಳಿದ ದಿನ ಮಜ್ಜಿಗೆ ಕುಡಿಸಿದರು. ಕೊನೆಗೆ ಪಂಚರಲ್ಲಿ ಹಿರಿಯನಾದವನು, ನನ್ನ ಹಳೆಯ ವಿದ್ಯಾರ್ಥಿ, ತಲೆ ತಗ್ಗಿಸಿ ಹೇಳಿದ. “ಮಾಸ್ತರ್ರ, ನೀವು ಅಂದ್ರಿ ಅಂತ ಬಿಟ್ಟಿದ್ವಿ. ನೀವು ಅಂದ್ರಿ ಅಂತ ಕಡೀತೀವಿ. ಆದ್ರ ಮೊದಲ್ನೇ ಏಟ ನಿಮ್ಮದು.”

ಅಲ್ಲಿಂದ ಇಳಿದು ಮೀನುಗಾರರ ಓಣಿಗೆ ಹೋದೆ. ನಮ್ಮ ಮನೆತನದವರು ಯಾರೂ ಆ ಓಣಿಯ ಒಳಗೆ ಕಾಲಿಟ್ಟವರಲ್ಲ. ಆ ಹೆಣ್ಣುಮಗಳು ಅಂಗಳದಲ್ಲಿ ಕುಳಿತು ಮೀನು ಸ್ವಚ್ಛ ಮಾಡುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

“ವಾಸನಿ ಬರ್ತದ್ರಿ. ಆ ಕಡಿ ಕಲ್ಲಿನ ಮ್ಯಾಲ ಕುಂದರ್ರಿ.”

“ಇಲ್ಲೇ ನಿಲ್ಲುತ್ತೇನೆ ತಾಯೀ. ನಿನಗೆ ಒಂದು ಮಾತು ಹೇಳುವುದಿತ್ತು.”

“ಗೊತ್ತಾತ್ರಿ. ನೀವು ಗುಡ್ಡ ಇಳ್ಯಾದ್ರಾಗ ಮಾತು ಓಣಿ ಮುಟ್ಯದ.” ಕೈಯಲ್ಲಿದ್ದ ಮೀನನ್ನು ತಿರುವಿ ಹಾಕಿದಳು. “ಊರಿಗೆಲ್ಲಾ ಹೇಳಿ ಆಮ್ಯಾಗ ನನ್ನ ಹತ್ರ ಬಂದೀರಿ.”

ನನ್ನನ್ನು ಗೌರವಿಸುವವರ ಮುಂದೆ ಮೊದಲು ಹೇಳಿಕೊಂಡು ಹಗುರಾಗಲು ಹೋಗಿದ್ದೆ. ತಪ್ಪು ಮಾಡಿದ್ದು ಇವಳಿಗೆ.

“ಅದು ಶಮಿಯಲ್ಲ. ಬರೀ ಜಾಲಿ” ಎಂದೆ.

“ಕಟಗಿ ಕಡ್ಯಾಕಿಗಿ ಬನ್ನಿ ಯಾವುದು ಜಾಲಿ ಯಾವುದು ಗೊತ್ತಾಗಲ್ಲೇನ್ರಿ? ಒಲಿಯಾಗ ಇಟ್ಟ ದಿನಾನೇ ಗೊತ್ತಾತು. ಹೊಗಿನೇ ಬ್ಯಾರೆ.” ಈಗ ತಲೆಯೆತ್ತಿ ನನ್ನನ್ನು ನೋಡಿದಳು. “ಗಿಡ ಜಾಲಿ ಅಂತ ಗೊತ್ತಿತ್ರಿ. ಆದ್ರ ಶಾಪ ನಿಮ್ಮ ಬಾಯಿಂದ ಬಂದಿತ್ತಲ್ಲ. ಅದು ಸುಳ್ಳ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಅವನು ನೀರಿಗಿ ಇಳಿಯೋ ದಿನ ಬ್ಯಾಡ ಅಂದಿದ್ದೆ. ಕೇಳಲಿಲ್ಲ. ಇಳದಿದ್ದು ಅವನ ತಪ್ಪು ಅಂತ ಒಂದು ದಿನ ಅಂದುಕೊಂಡಿಲ್ರಿ ನಾನು. ಕುಡಗೋಲು ಹಿಡದಿದ್ದ ಈ ಕೈಯಿಂದೇ ಹೋದ ಅಂತ ಅಂದುಕೊಂಡು ಇಲ್ಲೀ ತನಕ ಬಂದೀನಿ.”

ನಾನು ಕೈಜೋಡಿಸಿದೆ. ಆಕೆ ಅದನ್ನು ನೋಡದವಳಂತೆ ಬೋಗುಣಿಗೆ ನೀರು ಸುರಿದಳು.

“ನನ್ನ ಮಗಳ ಲಗ್ನದಾಗ ನಾ ಅಕ್ಷತಿ ಹಾಕಿಲ್ರಿ. ಬಳಿಚಕ್ರಕ್ಕ ಕೊಟ್ಟೀನಿ. ಹೆಣ್ಣ ನೋಡಾಕ ಬಂದಾಗ ನಮ್ಮೂರವರೇ ಅವ್ರಿಗಿ ಈ ಕಥಿ ಹೇಳಿದ್ರು. ‘ತಾಯಿ ನಮ್ಮ ಹೊಸ್ತಿಲಾ ತುಳೀಬಾರ್ದು’ ಅಂತ ಮಾತು ತಗೊಂಡೇ ಮಾಡಿಕೊಂಡ್ರು. ಬಾಣಂತನ ಮಾಡಾಕ ಸೈತ ಇಲ್ಲಿಗಿ ಕಳಿಸಲಿಲ್ಲ. ಮೊಮ್ಮಗಳಿಗಿ ಐದು ವರ್ಷ ಆತು. ಯಾದಗಿರಿ ಸಂತಿಯಾಗ ಎರಡು ಸರ್ತಿ ದೂರಿಂದ ನೋಡೀನಿ.”

“ನಾನೇನು ಮಾಡಲಿ, ಹೇಳು.”

“ಗಿಡ ಕಡಿಯೋದು ಬಿಡೋದು ನಿಮಗ ಬಿಟ್ಟಿದ್ದು. ನನ್ನ ಕೆಲಸ ಬಳಿಚಕ್ರದಾಗದ. ಅಲ್ಲಿಗಿ ಬಂದು ನನ್ನ ಬೀಗತಿ ಮುಂದ ಹೇಳ್ರಿ. ಇಲ್ಲಿ ಹೇಳಿದಂಗ, ಒಂದೂ ಬಿಡದಂಗ.”

ಬರುವ ಭಾನುವಾರವೆಂದು ಗೊತ್ತಾಯಿತು.

ನಡುವಿನ ದಿನಗಳಲ್ಲಿ ಗುಡ್ಡದ ಕೆಲಸ ಆರಂಭವಾಯಿತು. ಸಂಶೋಧಕಿಗೆ ಎಲ್ಲವನ್ನೂ ಹೇಳಿದಾಗ ಆಕೆ ತಮ್ಮ ಪುಸ್ತಕದಲ್ಲಿ ‘ಅನಾದಿ’ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಆಮೇಲೆ ಎದ್ದು, ಯಾವ ಗಿಡದಿಂದ ಶುರು ಮಾಡಬೇಕೆಂದು ತೋರಿಸಿದರು. ಊರು ಪಾವಟಿಗೆಯ ಮೇಲೆ ಸಾಲಾಗಿ ಕುಳಿತು ನೋಡುತ್ತಿತ್ತು. ನಾನು ಶಿವನಾಮ ನೆನೆದು ಕೊಡಲಿ ಬೀಸಿದೆ. ಅದು ತೊಗಟೆಯಿಂದ ಜಾರಿ ಕಲ್ಲಿಗೆ ತಾಗಿತು.

“ಅಷ್ಟು ಮ್ಯಾಲ ಬ್ಯಾಡ ಸರ್” ಎಂದರು ಆಕೆ. “ಮ್ಯಾಲ ಕಡದ್ರ ಒಂದಕ್ಕೆ ಹತ್ತು ಚಿಗೀತದ. ಮಣ್ಣು ತೋಡಿ, ಬೇರಿನ ಗಂಟಿನ ಕೆಳಗ ಕಡೀಬೇಕು.”

ಹಾರೆಯಿಂದ ಮಣ್ಣು ತೋಡಿದೆ. ಮುಂಗೈಗೆ ಮುಳ್ಳು ಹೊಕ್ಕಿತು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಗಿಡ ಬುಡಸಮೇತ ಹೊರಬಂತು. ಅಂದು ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಮರುದಿನವೂ ಇಲ್ಲ. ನನಗೆ ಏನಾಗುತ್ತದೆಂದು ಕಾದು ನೋಡುತ್ತಿದ್ದಾರೆಂದು ಚಹಾದಂಗಡಿಯವನು ಬಾಯಿ ಬಿಟ್ಟು ಹೇಳಿಯೇಬಿಟ್ಟ. “ಮೂರು ದಿನಾ ನೋಡ್ತಾರ್ರಿ ಅಜ್ಜಾರ. ಜರಾ ಹುಷಾರಿರ್ರಿ, ಪಾವಟಿಗಿ ಮ್ಯಾಲ ಕಾಲ ಜಾರೀತು, ಎಲ್ಲಾ ಕೆಲಸ ಕೆಡ್ತದ.” ಎರಡನೆಯ ರಾತ್ರಿ ನನಗೆ ಮೈ ಬಿಸಿಯಾಯಿತು. ಮನೆಯವರಿಗೂ ಹೇಳದೆ ತುಳಸಿಯ ಕಷಾಯ ಕುಡಿದು, ಮೂರನೆಯ ಬೆಳಿಗ್ಗೆ ಎಂದಿಗಿಂತ ಗಟ್ಟಿಯಾಗಿ ಮಂತ್ರ ಹೇಳಿದೆ. ನಾಲ್ಕನೆಯ ದಿನ ಹನ್ನೊಂದು ಮಂದಿ ಹೆಂಗಸರು ಹಾರೆ, ಕುಡಗೋಲು ಹಿಡಿದು ಬಂದರು. ಶನಿವಾರದ ಹೊತ್ತಿಗೆ ಪಶ್ಚಿಮದ ಅಂಚಿನಲ್ಲಿ ಒಂದು ಉದ್ದನೆಯ ಪಟ್ಟಿ ಬಯಲಾಯಿತು. ಹುಲ್ಲು ಬರುತ್ತದೆಯೇ ಎಂದು ಕೇಳಿದೆ. ನೆಲದೊಳಗೆ ಹುಲ್ಲಿನ ಬೀಜ ಉಳಿದಿದ್ದರೆ ಬಂದೀತು, ಜಾಲಿಯ ಸಸಿಗಳಂತೂ ಖಂಡಿತ ಬರುತ್ತವೆ, ವರ್ಷ ವರ್ಷ ಕೀಳುತ್ತಿರಬೇಕು ಎಂದರು ಸಂಶೋಧಕಿ.

ಹನ್ನೊಂದು ಮಂದಿಯಲ್ಲಿ ಮೀನುಗಾರರ ಓಣಿಯ ಆ ಹೆಣ್ಣುಮಗಳು ಇರಲಿಲ್ಲ.

ಭಾನುವಾರ ಶಹಾಪುರದ ನಿಲ್ದಾಣದಲ್ಲಿ ಆಕೆ ನನಗಿಂತ ಮೊದಲೇ ಬಂದು ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕುಳಿತಳು. ಯಾದಗಿರಿಯ ಹತ್ತಿರ ಬಸ್ಸು ಭೀಮೆಯ ಸೇತುವೆ ಏರಿದಾಗ ತಿರುಗಿ ನೋಡಿದೆ. ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದಳು. ಸೇತುವೆ ದಾಟಿದ ಮೇಲೆಯೇ ಸರಿಸಿದಳು.

ಬಳಿಚಕ್ರದಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಆ ಮನೆಯ ಅಂಗಳದಲ್ಲಿ ಬೀಗತಿ ತೊಗರಿ ಕೇರುತ್ತಿದ್ದಳು. ಜೊತೆಗೆ ಬಂದವಳು ಬೇಲಿಯ ಹೊರಗೇ ನಿಂತಳು, ಎಷ್ಟು ದೂರ ನಿಲ್ಲಬೇಕೆಂದು ಅವಳಿಗೆ ಗೊತ್ತಿದ್ದಂತೆ.

“ಯಾರ್ರಿ ನೀವು?”

ಯಾರೆಂದು ಹೇಳಿದೆ. ನಮ್ಮೂರಿನಲ್ಲಿ ಈ ಮಾತನ್ನು ಹೇಳುವಾಗ ಗುಡಿ ನನ್ನ ಬೆನ್ನಿಗಿತ್ತು, ಮಜ್ಜಿಗೆ ಕೊಡುವವರಿದ್ದರು. ಇಲ್ಲಿ ಬಿಸಿಲಲ್ಲಿ ನಿಂತ ಒಬ್ಬ ಅಪರಿಚಿತ ಮುದುಕನಾಗಿ, ಸುಳ್ಳು ಹೇಳಿದವನು ನಾನು ಎಂಬಲ್ಲಿಂದ ಆರಂಭಿಸಿ ಕೊನೆಯವರೆಗೂ ಹೇಳಿದೆ. ಬೀಗತಿಯ ಕೈಯಲ್ಲಿ ಮೊರ ಆಡುತ್ತಲೇ ಇತ್ತು. ಪ್ರವಾಹದ ಮಾತು ಬಂದಾಗ ನಿಂತಿತು.

“ಅಂದ್ರ ಎಂಟು ವರ್ಷ ನಾ ಈಕಿಗಿ ಸುಳ್ಳೇ ಬಾಗಲಾ ಹಾಕಿದ್ನೇನ್ರಿ?”

“ಹೌದವ್ವಾ. ನನ್ನ ಸುಳ್ಳನ್ನು ನಂಬಿ.”

“ನನಗ್ಯಾಕ ಈ ಪಾಪ ಹಚ್ಚಿದ್ರಿ ಅಜ್ಜಾರ? ನಾ ನಿಮಗೇನ್ ಮಾಡಿದ್ದೆ?”

ಅಲ್ಲಿಯವರೆಗೆ ಒಬ್ಬಳಿಗೆ ಅನ್ಯಾಯ ಮಾಡಿದ್ದೇನೆಂದು ಎಣಿಸಿದ್ದೆ. ಬೀಗತಿ ಮೊರವನ್ನು ಪಕ್ಕಕ್ಕಿಟ್ಟು, ಬೇಲಿಯ ಕಡೆಗೆ ತಿರುಗಿ, ಒರಟು ದನಿಯಲ್ಲಿ ಕೂಗಿದಳು. “ಅಲ್ಲೇ ಏನ್ ನಿಂತೀದಿ, ಬಿಸಲಾಗ? ಒಳಗ ಬಾ.”

ಒಳಗಿನಿಂದ ಮಗಳು ಓಡಿ ಬಂದು ತಾಯಿಯ ತೋಳು ಹಿಡಿದಳು. ಅವಳ ಹಿಂದೆ ಒಂದು ಹೆಣ್ಣುಮಗು ಬಂದು ಕಂಬಕ್ಕೆ ಆತು ನಿಂತಿತು.

“ಯಾರವ್ವಾ ಈಕಿ?”

“ನಿಮ್ಮ ಆಯಿ.”

“ನಮ್ಮ ಆಯಿ ಇಲ್ಲೇ ಅದಾಳಲ್ಲ” ಎಂದು ಮಗು ಬೀಗತಿಯನ್ನು ತೋರಿಸಿತು.

ಆಕೆ ಹೊಸ್ತಿಲ ಈಚೆಗೆ ಕುಳಿತು ಬಟ್ಟೆಯ ಚೀಲ ಬಿಚ್ಚಿದಳು. ಒಂದು ಲಂಗ ಇತ್ತು. ಅದನ್ನು ನೆಲದ ಮೇಲೆ ಮಗುವಿನ ಕಡೆಗೆ ಸರಿಸಿದಳು, ಕೈ ಚಾಚಲಿಲ್ಲ. ಮಗಳು ಎತ್ತಿ ಮಗುವಿನ ಸೊಂಟಕ್ಕೆ ಹಿಡಿದು ನೋಡಿದಳು. ಮೂರು ವರ್ಷದ ಕೂಸಿಗೆ ಆಗುವ ಅಳತೆ. ಸಂತೆಯಲ್ಲಿ ದೂರದಿಂದ ಕಂಡ ಅಂದಾಜಿನ ಮೇಲೆ ತಂದದ್ದು ಅದು. ಬೀಗತಿ ಒಳಗೆ ಹೋಗಿ ಎರಡು ಚೊಂಬು ನೀರು ತಂದಳು, ಮೊದಲನೆಯದನ್ನು ಆಕೆಗೆ ಕೊಟ್ಟಳು.

ನಾನು ಹೊರಟು ನಿಂತಾಗ ಆಕೆ ಬೇಲಿಯವರೆಗೆ ಬಂದಳು.

“ನೀವು ಹೋಗ್ರಿ. ನಾ ನಾಳಿ ಬರ್ತೀನಿ. ಇರು ಅಂದಾರ.”

“ಆಗಲಿ ತಾಯೀ.”

“ನಿಮಗ ಮಾಫಿ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ.”

“ನಾನು ಕೇಳಲಿಲ್ಲ.”

“ಕೇಳಾಕೂ ಹೋಗಬ್ಯಾಡ್ರಿ” ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು.

ಯಾದಗಿರಿಗೆ ಬಸ್ಸು ಬರಲು ಬಹಳ ಹೊತ್ತಾಯಿತು. ರಸ್ತೆಯ ಬದಿಯ ಬೇವಿನ ಕೆಳಗೆ ನಿಂತು ಜಪಕ್ಕೆ ತೊಡಗಿದೆ. ಎಂದೂ ತಪ್ಪದ ಎಣಿಕೆ ಅಂದು ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಆರಂಭಿಸದೆ, ಬಸ್ಸು ಬರುವವರೆಗೆ ಸುಮ್ಮನೆ ನಿಂತಿದ್ದೆ.